ಮನೆ ಶಿವಮೊಗ್ಗಕ್ಕೆ ಬಂತು, ಫೋನು ಇನ್ನೂ ವಿಜಯನಗರದಲ್ಲಿದೆ

ಪ್ರಶ್ನೆ (ಗೃಹಿಣಿ, ಶಿವಮೊಗ್ಗ)

ಸರ್, ನಮಸ್ಕಾರ. ಹನ್ನೊಂದು ವರ್ಷ ಬೆಂಗಳೂರಿನ ವಿಜಯನಗರದಲ್ಲಿದ್ದು, ಕಳೆದ ತಿಂಗಳು ಶಿವಮೊಗ್ಗದ ಹೊರವಲಯದ ಹೊಸ ಬಡಾವಣೆಗೆ ಬಂದೆವು. ಸಾಮಾನೆಲ್ಲ ಒಂದೇ ಲಾರಿಯಲ್ಲಿ ಬಂತು, ವಿಳಾಸ ಮಾತ್ರ ಬಂದಿಲ್ಲ. ಅತ್ತೆಯವರ ಬಿ.ಪಿ. ಮಾತ್ರೆ ತರಿಸಿದರೆ ಹಳೆಯ ಮನೆಗೆ ಹೋಯಿತು. ಈಗ ಅಲ್ಲಿರುವವರು ಫೋನ್ ಮಾಡಿ ತಿಳಿಸಿದರು. ಇನ್ನೂ ವಿಚಿತ್ರವೆಂದರೆ, ನಡುಮನೆಯಲ್ಲಿ ಕುಳಿತು ಮ್ಯಾಪ್ ತೆರೆದರೆ ನೀಲಿ ಚುಕ್ಕಿ ವಿಜಯನಗರದಲ್ಲೇ ಇರುತ್ತದೆ, ಗೇಟು ದಾಟಿದರೆ ಶಿವಮೊಗ್ಗಕ್ಕೆ ಹಾರುತ್ತದೆ. ಲ್ಯಾಪ್‌ಟಾಪ್ ಯಾವಾಗಲೂ ವಿಜಯನಗರವೇ. ಟಿ.ವಿ.ಯಲ್ಲಿ ಬೆಂಗಳೂರಿನ ಹವಾಮಾನ. ಇಲ್ಲಿ ಮಳೆ ಹೊಯ್ಯುತ್ತಿದ್ದರೆ ಅದು ಬಿಸಿಲು ಎನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಕಂಪ್ಯೂಟರ್ ಮತ್ತು ನೆಟ್‌ವರ್ಕ್ ದುರಸ್ತಿ, ಹದಿನೆಂಟು ವರ್ಷಗಳಿಂದ)

ಮೇಡಂ, ನೀವು ಬೆಂಗಳೂರಿನಿಂದ ರೂಟರನ್ನೂ ತಂದಿದ್ದೀರಿ ಅಲ್ಲವೇ? ನೀಲಿ ಚುಕ್ಕಿಯ ಗುಟ್ಟು ಅಲ್ಲಿದೆ.

ಮನೆಯೊಳಗೆ, ಅದರಲ್ಲೂ ಆರ್‌ಸಿಸಿ ಮಾಳಿಗೆಯ ಕೆಳಗೆ, ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತ ಸರಿಯಾಗಿ ತಲುಪುವುದಿಲ್ಲ. ಆಗ ಫೋನು ಸುತ್ತಮುತ್ತ ಕಾಣುವ ವೈಫೈ ರೂಟರುಗಳನ್ನು ನೋಡುತ್ತದೆ. ಪ್ರತಿ ರೂಟರಿಗೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾವ ಜಾಗದಲ್ಲಿ ಕಂಡಿತ್ತು ಎಂಬ ದೊಡ್ಡ ದಾಖಲೆಯನ್ನು ಗೂಗಲ್ ಮತ್ತು ಆ್ಯಪಲ್ ತಮ್ಮ ಬಳಿ ಇಟ್ಟುಕೊಂಡಿವೆ. ಆ ದಾಖಲೆಯ ಪ್ರಕಾರ ನಿಮ್ಮ ರೂಟರು ಇರುವುದು ವಿಜಯನಗರದಲ್ಲಿ. ಜನವಸತಿ ದಟ್ಟವಾಗಿರುವ ಬೀದಿಯಾಗಿದ್ದರೆ ಅಕ್ಕಪಕ್ಕದ ಹತ್ತು ರೂಟರುಗಳು ‘ಇದು ಶಿವಮೊಗ್ಗ’ ಎಂದು ಸಾಕ್ಷಿ ಹೇಳಿ ನಿಮ್ಮದನ್ನು ಸುಮ್ಮನಾಗಿಸುತ್ತಿದ್ದವು. ಹೊಸ ಬಡಾವಣೆಯಲ್ಲಿ ಸುತ್ತ ಖಾಲಿ ನಿವೇಶನಗಳೇ ಇರುವುದರಿಂದ ಇರುವುದು ಒಂದೇ ಸಾಕ್ಷಿ, ಅದೂ ಹಳೆಯ ಊರಿನದು. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದೇ ಇಲ್ಲ, ಹಾಗಾಗಿ ಅದು ಹೊರಗೆ ತಂದರೂ ತಿದ್ದಿಕೊಳ್ಳುವುದಿಲ್ಲ.

ಪರಿಹಾರ ಸುಲಭ, ತಾಳ್ಮೆ ಬೇಕು. ಫೋನಿನ ಲೊಕೇಶನ್ ಸೆಟ್ಟಿಂಗಿನಲ್ಲಿ ವೈಫೈ ಸ್ಕ್ಯಾನಿಂಗ್ ಚಾಲೂ ಇಡಿ. ಮನೆಯ ವೈಫೈ ಸಿಗುವಷ್ಟು ದೂರದಲ್ಲಿ, ತಾರಸಿಯ ಮೇಲೋ ಅಂಗಳದಲ್ಲೋ ನಿಂತು ಮ್ಯಾಪ್ ತೆರೆದು ಐದು ಹತ್ತು ನಿಮಿಷ ಓಡಾಡಿ. ದಿನಕ್ಕೊಮ್ಮೆ ಹೀಗೆ ಮಾಡಿ. ಮನೆಯವರ ಫೋನುಗಳಿಂದಲೂ ಮಾಡಿಸಿ. ಜಿಪಿಎಸ್ ಶಿವಮೊಗ್ಗ ಎನ್ನುವಾಗಲೇ ನಿಮ್ಮ ರೂಟರೂ ಕಾಣಿಸುವುದರಿಂದ ದಾಖಲೆ ನಿಧಾನವಾಗಿ ತಿದ್ದಿಹೋಗುತ್ತದೆ. ನಮ್ಮ ರೂಟರು ಗೂಗಲ್‌ನ ದಾಖಲೆಯಲ್ಲಿ ಇರುವುದೇ ಬೇಡ ಎನ್ನುವವರು ವೈಫೈ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಹಾಕಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ನೋಮ್ಯಾಪ್’ ಎಂದು ಸೇರಿಸಬಹುದು. ಎನ್, ಒ, ಎಂ, ಎ, ಪಿ, ಐದೇ ಅಕ್ಷರ.

ಟಿ.ವಿ.ಯ ಕಾಯಿಲೆ ಬೇರೆ. ಅದು ನಿಮ್ಮ ಐಪಿ ಸಂಖ್ಯೆ, ಅಂದರೆ ಇಂಟರ್ನೆಟ್ ಕಂಪನಿ ನಿಮ್ಮ ಸಂಪರ್ಕಕ್ಕೆ ಕೊಟ್ಟಿರುವ ಸಂಖ್ಯೆ ನೋಡಿ ಊರು ಊಹಿಸುತ್ತದೆ. ಜಿಲ್ಲೆಗಳ ಎಷ್ಟೋ ಸಂಪರ್ಕಗಳು ಬೆಂಗಳೂರಿನ ಮೂಲಕವೇ ಹೊರಜಗತ್ತಿಗೆ ಹೋಗುವುದರಿಂದ ಸಾಗರದವರಿಗೂ ತೀರ್ಥಹಳ್ಳಿಯವರಿಗೂ ‘ಬೆಂಗಳೂರು’ ಎಂದೇ ತೋರಿಸುವುದುಂಟು. ತಾರಸಿ ಹತ್ತಿದರೆ ಇದು ಹೋಗುವುದಿಲ್ಲ. ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಊರನ್ನು ಅಥವಾ ಪಿನ್ ಕೋಡನ್ನು ಕೈಯಿಂದಲೇ ತುಂಬಿ. ಮಾತಾಡುವ ಸ್ಪೀಕರ್ ಇದ್ದರೆ ಅದರ ಆ್ಯಪ್‌ನಲ್ಲಿ ಆ ಉಪಕರಣದ ವಿಳಾಸ ಬೇರೆಯಾಗಿಯೇ ಇರುತ್ತದೆ, ಅದನ್ನೂ ಬದಲಿಸಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪ್ರೈವಸಿ ವಿಭಾಗದ ಲೊಕೇಶನ್ ಪುಟಕ್ಕೆ ಹೋದರೆ ‘ಡೀಫಾಲ್ಟ್ ಲೊಕೇಶನ್’ ಇದೆ, ಅಲ್ಲಿ ಹೊಸ ಮನೆಯನ್ನು ಗುರುತಿಸಿಡಿ. ಗೂಗಲ್‌ನಲ್ಲಿ ಏನಾದರೂ ಹುಡುಕಿ ಪುಟದ ಕೊನೆಗೆ ಇಳಿದು ನೋಡಿ. ನೀವು ಯಾವ ಊರಿನಲ್ಲಿದ್ದೀರಿ ಎಂದು ಅದು ಭಾವಿಸಿದೆ, ಯಾವ ಆಧಾರದ ಮೇಲೆ ಎಂಬುದು ಅಲ್ಲಿ ಬರೆದಿರುತ್ತದೆ. ತಪ್ಪು ಎಲ್ಲಿಂದ ಬರುತ್ತಿದೆಯೆಂದು ಪತ್ತೆ ಮಾಡಲು ನಾನು ಮೊದಲು ನೋಡುವುದು ಆ ಸಾಲನ್ನೇ.

ಮಾತ್ರೆಯದು ಮೂರನೆಯ ಬಗೆ. ಅದಕ್ಕೂ ಜಿಪಿಎಸ್‌ಗೂ ಸಂಬಂಧವಿಲ್ಲ, ಹಿಂದೆಂದೋ ನೀವೇ ಬರೆದುಕೊಟ್ಟ ವಿಳಾಸ ಅದು. ಹೊಸದನ್ನು ಸೇರಿಸಿದರೆ ಸಾಲದು, ಹಳೆಯದನ್ನು ಅಳಿಸಿ. ಎರಡೂ ಇದ್ದರೆ ಅವಸರದಲ್ಲಿ ಬೆರಳು ಹಳೆಯದಕ್ಕೇ ಹೋಗುತ್ತದೆ. ನಾನೇ ಮನೆ ಬದಲಿಸಿದಾಗ ಮೂರು ತಿಂಗಳ ಮೇಲೂ ಒಮ್ಮೆ ಹಾರ್ಡ್ ಡಿಸ್ಕ್ ಹಳೆಯ ಮನೆಗೆ ತರಿಸಿಕೊಂಡವನು. ಮ್ಯಾಪ್‌ನಲ್ಲಿ ‘ಮನೆ’, ‘ಕೆಲಸ’ ಎಂದು ಗುರುತಿಟ್ಟಿದ್ದರೆ ಅದನ್ನೂ ಈಗಲೇ ತಿದ್ದಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ದಾವಣಗೆರೆ)

ನನ್ನದೂ ಇದೇ ಕಥೆ. ಆಧಾರ್‌ನಲ್ಲಿ ವಿಳಾಸ ಬದಲಿಸಿದರೆ ಬ್ಯಾಂಕ್, ಮತದಾರರ ಪಟ್ಟಿ, ಗಾಡಿಯ ಆರ್‌ಸಿ ಎಲ್ಲ ತಾನಾಗಿಯೇ ಬದಲಾಗುತ್ತದೆಯಂತೆ, ನಿಜವೇ?

ಉತ್ತರ

ಇಲ್ಲ ಸರ್. ಆದರೂ ಆಧಾರ್‌ನಿಂದ ಶುರು ಮಾಡುವುದೇ ಸರಿ, ಏಕೆಂದರೆ ಉಳಿದ ಕಡೆಯವರು ಕೇಳುವ ದಾಖಲೆ ಹೆಚ್ಚಾಗಿ ಅದೇ. ಮೈಆಧಾರ್ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಮಾಡಬಹುದು, ಶುಲ್ಕ 75 ರೂಪಾಯಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ, ಹಾಗಾಗಿ ಹಳೆಯ ಸಿಮ್ ಎಸೆಯುವ ಮುನ್ನ ಯೋಚಿಸಿ. ನಿಮ್ಮ ಮನೆಯವರ ಹೆಸರಿನಲ್ಲಿ ವಿದ್ಯುತ್ ಬಿಲ್ಲಾಗಲಿ ಕರಾರು ಪತ್ರವಾಗಲಿ ಇಲ್ಲದಿದ್ದರೂ ದಾರಿಯಿದೆ. 2023ರಿಂದ ಕುಟುಂಬದ ಮುಖ್ಯಸ್ಥರ ವಿಳಾಸದ ಆಧಾರದ ಮೇಲೆ ಬದಲಿಸಿಕೊಳ್ಳಬಹುದು. ಅರ್ಜಿ ಹಾಕಿದ ಮೇಲೆ ಮುಖ್ಯಸ್ಥರಾದ ನೀವು 30 ದಿನಗಳೊಳಗೆ ಅದೇ ಜಾಲತಾಣಕ್ಕೆ ಹೋಗಿ ಒಪ್ಪಿಗೆ ಕೊಡಬೇಕು. ಇದನ್ನೇ ಹೆಚ್ಚಿನವರು ಮರೆತು, ಅರ್ಜಿ ಬಿದ್ದುಹೋಯಿತು ಎಂದು ನನ್ನ ಅಂಗಡಿಗೆ ಬರುತ್ತಾರೆ.

ಬ್ಯಾಂಕಿಗೆ ಬರೀ ವಿಳಾಸವಷ್ಟೇ ಬದಲಾಗಿದ್ದರೆ ನೆಟ್ ಬ್ಯಾಂಕಿಂಗ್‌ನಲ್ಲೋ ನೋಂದಾಯಿತ ಇ-ಮೇಲ್‌ನಲ್ಲೋ ಸ್ವಯಂ ಘೋಷಣೆ ಕೊಡಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕಿನವರು ಎರಡು ತಿಂಗಳೊಳಗೆ ಅದನ್ನು ಪರಿಶೀಲಿಸುತ್ತಾರೆ. ಮತದಾರರ ಪಟ್ಟಿಗೆ ನಮೂನೆ 8. ಗಾಡಿಯ ವಿಳಾಸ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯಂತೆ 30 ದಿನಗಳಲ್ಲಿ ತಿಳಿಸಬೇಕು. ನಂಬರ್ ಪ್ಲೇಟ್ ಬದಲಿಸಬೇಕೇ ಎಂದು ಹಲವರು ಕೇಳುತ್ತಾರೆ. ರಾಜ್ಯದೊಳಗೇ ಇದ್ದರೆ ಬೇಡ, ಕೆಎ 02 ಗಾಡಿ ಶಿವಮೊಗ್ಗದಲ್ಲೂ ಕೆಎ 02 ಆಗಿಯೇ ಓಡಬಹುದು.

ಪ್ರಶ್ನೆ (ಕೆನಡಾದಿಂದ ಮರಳಿದವರು, ಮೈಸೂರು)

ಆರು ವರ್ಷ ಟೊರಾಂಟೊದಲ್ಲಿದ್ದು ಊರಿಗೆ ಬಂದಿದ್ದೇನೆ. ಪ್ಲೇ ಸ್ಟೋರ್‌ನಲ್ಲಿ ನನ್ನ ಬ್ಯಾಂಕಿನ ಆ್ಯಪ್ ಕಾಣಿಸುವುದೇ ಇಲ್ಲ, ತಮ್ಮನ ಫೋನಿನಲ್ಲಿ ಕಾಣಿಸುತ್ತದೆ. ಲೊಕೇಶನ್ ಸರಿಯಾಗಿ ಮೈಸೂರನ್ನೇ ತೋರಿಸುತ್ತಿದೆ.

ಉತ್ತರ

ನೀವು ಮೈಸೂರಿನಲ್ಲಿದ್ದೀರಿ, ನಿಮ್ಮ ಪ್ಲೇ ಖಾತೆ ಇನ್ನೂ ಕೆನಡಾದಲ್ಲಿದೆ. ಪ್ಲೇ ಸ್ಟೋರ್‌ನ ಖಾತೆ ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಿಸುವ ಆಯ್ಕೆ ಇದೆ. ಅದಕ್ಕೆ ಇಲ್ಲಿಯ ಕಾರ್ಡಿನಂಥ ಪಾವತಿ ವಿಧಾನ ಸೇರಿಸಬೇಕಾಗುತ್ತದೆ, ಬದಲಾವಣೆ ಕಾಣಿಸಲು 48 ಗಂಟೆಗಳವರೆಗೂ ಹಿಡಿಯಬಹುದು. ಒಮ್ಮೆ ಬದಲಿಸಿದರೆ ಒಂದು ವರ್ಷ ಮತ್ತೆ ಬದಲಿಸಲಾಗದು. ಆದ್ದರಿಂದ ಎರಡು ತಿಂಗಳ ರಜೆಗೆ ಬಂದವರು ಇದಕ್ಕೆ ಕೈ ಹಾಕಬೇಡಿ. ಪ್ಲೇ ಖಾತೆಯಲ್ಲಿ ಕೆನಡಾ ಡಾಲರಿನ ಹಣ ಉಳಿದಿದ್ದರೆ ಮೊದಲೇ ಖರ್ಚು ಮಾಡಿ, ಇಲ್ಲಿ ಅದು ನಡೆಯುವುದಿಲ್ಲ. ಐಫೋನ್‌ನವರು ಇನ್ನೂ ಕಷ್ಟಪಡಬೇಕು: ಖಾತೆಯಲ್ಲಿರುವ ಹಣ ಮುಗಿಸಬೇಕು, ಚಂದಾಗಳನ್ನು ರದ್ದು ಮಾಡಿ ಅವುಗಳ ಅವಧಿ ಮುಗಿಯುವವರೆಗೆ ಕಾಯಬೇಕು, ಆಮೇಲೆ ದೇಶ ಬದಲಾವಣೆ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ಹಾಸನ)

ಇಷ್ಟೆಲ್ಲ ತಿದ್ದುವ ಬದಲು ಲೊಕೇಶನ್ ಪೂರ್ತಿ ಆಫ್ ಮಾಡಿಬಿಟ್ಟರೆ ಆಗದೇ?

ಉತ್ತರ

ಆಗುತ್ತದೆಯಮ್ಮ, ಆದರೆ ಆಟೊ ಕರೆಯುವಾಗ ಮತ್ತೆ ಹಚ್ಚುತ್ತೀರಿ, ಆರಿಸುವುದು ಮರೆಯುತ್ತೀರಿ. ಅದಕ್ಕಿಂತ ಆ್ಯಪ್‌ಗಳನ್ನು ಒಂದೊಂದಾಗಿ ನೋಡಿ. ಆಟೊ ಆ್ಯಪ್‌ಗೆ ನಿಖರ ಸ್ಥಳ ಕೊಡಿ, ಬಳಸುವಾಗ ಮಾತ್ರ. ಹವಾಮಾನದ ಆ್ಯಪ್‌ಗೆ ಊರು ಗೊತ್ತಾದರೆ ಸಾಕು, ಅಂದಾಜು ಸ್ಥಳ ಕೊಡಿ. ಐಫೋನ್‌ನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 12ನೇ ಆವೃತ್ತಿಯಿಂದ ಈ ಅನುಕೂಲ ಇದೆ. ಟಾರ್ಚ್ ಆ್ಯಪ್ ನಿಮ್ಮ ಸ್ಥಳ ಕೇಳಿದರೆ ಆ್ಯಪನ್ನೇ ತೆಗೆದುಹಾಕಿ.

ಮೊದಲ ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ಸರ್, ತಾರಸಿಯ ಮೇಲೆ ಫೋನು ಹಿಡಿದು ಓಡಾಡುವುದನ್ನು ನೋಡಿ ಎದುರು ಮನೆಯವರು ಸಿಗ್ನಲ್ ಸಿಗುವುದಿಲ್ಲವೇ ಎಂದು ಕೇಳಿದರು. ಫೋನುಗಳು ಸರಿಯಾದವು. ಲ್ಯಾಪ್‌ಟಾಪ್ ನಿನ್ನೆ ಬೆಳಗ್ಗೆ ಶಿವಮೊಗ್ಗ ಎಂದಿತ್ತು, ಸಂಜೆ ಮತ್ತೆ ವಿಜಯನಗರ.

ಉತ್ತರ

ಹಾಗಿದ್ದರೆ ತಿದ್ದಿಕೊಳ್ಳುತ್ತಿದೆ ಎಂದರ್ಥ, ಇನ್ನೊಂದು ವಾರ ಬಿಡಿ. ಔಷಧಿಯ ಆ್ಯಪ್‌ನಲ್ಲಿ ಹಳೆಯ ವಿಳಾಸ ಅಳಿಸಿದಿರಾ?

ಮೊದಲ ಪ್ರಶ್ನೆ ಕೇಳಿದವರು

ಅಳಿಸಿದೆ ಸರ್. ಹಳೆಯ ಮನೆಯಲ್ಲಿರುವವರು ಮಾತ್ರೆಯ ಪೆಟ್ಟಿಗೆಯನ್ನು ರಾತ್ರಿ ಬಸ್ಸಿನಲ್ಲಿ ಹಾಕಿ ಕಳುಹಿಸಿದರು. ಕಂಡಕ್ಟರಿಗೆ ಯಾವ ಪಿನ್ ಕೋಡೂ ಬೇಕಾಗಲಿಲ್ಲ.