ಸಹಾಯ ಬೇಕು: ಪನಾಮಾದಿಂದ ಕೊಲಂಬಿಯಾಕ್ಕೆ ಬೈಕ್ ಸಾಗಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ನೋಂದಣಿಯಾದ ನನ್ನ ಬೈಕಿನಲ್ಲಿ ಅರ್ಜೆಂಟೀನಾದ ಉಶುವಾಯವರೆಗೆ ಹೋಗಬೇಕೆಂಬುದು ಬಹುಕಾಲದ ಆಸೆ. ಈಗ ಪನಾಮಾ ತಲುಪಿದ್ದೇನೆ. ಪ್ಯಾನ್ ಅಮೆರಿಕನ್ ಹೆದ್ದಾರಿ ಇಲ್ಲಿನ ಯಾವಿಸಾ ಊರಿಗೆ ನಿಂತುಹೋಗುತ್ತದೆ, ಮುಂದೆ ಕೊಲಂಬಿಯಾದಲ್ಲಿ ರಸ್ತೆ ಮತ್ತೆ ಸಿಗುವವರೆಗೆ ಸುಮಾರು 100 ಕಿ.ಮೀ. ಡೇರಿಯನ್‌ನ ದಟ್ಟ ಕಾಡು ಮತ್ತು ಜೌಗು. ಆದ್ದರಿಂದ ಬೈಕನ್ನು ಪನಾಮಾ ಸಿಟಿಯಿಂದ ಬೊಗೋಟಾಕ್ಕೆ ವಿಮಾನದಲ್ಲಿ ಕಳುಹಿಸುವುದೋ, ಕೊಲೋನ್ ಬಂದರಿನಿಂದ ಕಾರ್ಟಹೇನಾಕ್ಕೆ ಹಡಗಿನ ಕಂಟೇನರಿನಲ್ಲಿ ಕಳುಹಿಸುವುದೋ ಎಂದು ತೀರ್ಮಾನಿಸಬೇಕಾಗಿದೆ. ವಿಮಾನವಾದರೆ ಟ್ಯಾಂಕಿನ ಪೆಟ್ರೋಲ್ ಬಹುಪಾಲು ತೆಗೆದು ಬ್ಯಾಟರಿಯ ವೈರ್ ಬಿಚ್ಚಿಡಬೇಕು. ಆದರೂ ದಿನಗಳು ಉಳಿಯುತ್ತವೆ, ಮತ್ತು ಫೆಬ್ರವರಿಯೊಳಗೆ, ಅಲ್ಲಿನ ಬೇಸಿಗೆ ಇರುವಾಗಲೇ, ಖಂಡದ ದಕ್ಷಿಣ ತುದಿಯ ಪಟಗೋನಿಯಾ ಪ್ರದೇಶ ದಾಟಬೇಕಾದ್ದರಿಂದ ನನ್ನ ಒಲವು ಅದರ ಕಡೆಗೇ ಇದೆ. ಈ ದಾರಿಯಲ್ಲಿ ಹೋಗಿಬಂದವರಿದ್ದರೆ, ಬೊಗೋಟಾದ ಕಸ್ಟಮ್ಸ್‌ನಲ್ಲಿ ತಾತ್ಕಾಲಿಕ ಆಮದು ಪರವಾನಗಿಗೆ ಮಾಲೀಕತ್ವದ ಮೂಲಪತ್ರವನ್ನೇ ಕೇಳುತ್ತಾರೋ ನಕಲು ಸಾಕೋ, ವಾರಾಂತ್ಯದಲ್ಲಿ ಬೈಕ್ ಬಿಡಿಸಿಕೊಳ್ಳಲು ಸಾಧ್ಯವೋ ಎಂಬುದನ್ನು ದಯವಿಟ್ಟು ತಿಳಿಸಿ.