ಸಂಬಳ 21,000 ದಾಟಿದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಹೆರಿಗೆ ಸೌಲಭ್ಯ ನಿಲ್ಲುತ್ತಾ?

ಪ್ರಶ್ನೆ – ಮಲ್ನಾಡ್ ಶಿಫ್ಟ್:
ಮಾಚೇನಹಳ್ಳಿ ಕಡೆಯ ದೊಡ್ಡ ಕಾರ್ಖಾನೆ, ಮೆಷಿನ್ ಶಾಪ್‌ನಲ್ಲಿ ಎರಡು ವರ್ಷದ ಕೆಲಸ. ಜುಲೈ ಇನ್‌ಕ್ರಿಮೆಂಟ್‌ನಲ್ಲಿ ಸಂಬಳ 20,400ರಿಂದ 21,600 ಆಗಿದೆ. ಡಿಸೆಂಬರ್‌ನಲ್ಲಿ ಹೆರಿಗೆ. ಎಚ್‌ಆರ್‌ನವರು "ಇಎಸ್‌ಐ ಮುಗೀತು" ಅಂತಿದ್ದಾರೆ. ಹೌದಾ?

ಉತ್ತರ – ಪೇ ಸ್ಲಿಪ್:
ಇಲ್ಲ. ಏಪ್ರಿಲ್–ಸೆಪ್ಟೆಂಬರ್ ವಂತಿಗೆ ಅವಧಿಯ ನಡುವೆ ಇಎಸ್‌ಐನ 21,000ದ ಸಂಬಳ ಮಿತಿ ದಾಟಿದರೂ ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟಲೇಬೇಕು, ಅದೂ ಪೂರ್ತಿ 21,600ಕ್ಕೆ: ನಿಮ್ಮ ಪಾಲು 0.75%, ಅಂದರೆ ₹162. ಡಿಸೆಂಬರ್ ಹೆರಿಗೆ ಜುಲೈ–ಡಿಸೆಂಬರ್ ಸೌಲಭ್ಯ ಅವಧಿಗೆ ಬರುತ್ತೆ. ಅದಕ್ಕೆ ಲೆಕ್ಕ ಹಿಂದಿನ ಅಕ್ಟೋಬರ್–ಮಾರ್ಚ್‌ನ ವಂತಿಗೆಯದು, ಬೇಕಾದರೆ ಅದರ ಹಿಂದಿನ ಆರು ತಿಂಗಳೂ ಸೇರಿ. 70 ದಿನ ವಂತಿಗೆ ಇದ್ದರೆ 26 ವಾರ ಪೂರ್ತಿ ದಿನಗೂಲಿ ಸಿಗುತ್ತೆ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಅಂದಹಾಗೆ, ಓಟಿ (ಹೆಚ್ಚುವರಿ ದುಡಿಮೆ) ಹಣ ಆ 21,000ದ ಮಿತಿಗೆ ಸೇರೋದಿಲ್ಲ. ಎಷ್ಟೋ ಕಡೆ ಸೇರಿಸಿಬಿಡ್ತಾರೆ.

ಉತ್ತರ – ತುಂಗಾ ತೀರ:
ಗುತ್ತಿಗೆದಾರ ಬದಲಾಗಿದ್ದರೆ ಮೊದಲು ಇಎಸ್‌ಐ ವಿಮಾ ಸಂಖ್ಯೆ ನೋಡ್ಕೊಳ್ಳಿ. ಹಳೇ ನಂಬರ್ ಕೊಡದೆ ಹೊಸದು ಮಾಡಿಸಿದರೆ 70 ದಿನ ಎರಡು ಕಡೆ ಹಂಚಿಹೋಗಿ ಅರ್ಜಿ ವಾಪಸ್ ಬರುತ್ತೆ. ಆಧಾರ್, ಬ್ಯಾಂಕ್ ಖಾತೆಯಲ್ಲಿ ಹೆಸರೂ ಒಂದೇ ಇರಲಿ.

ಉತ್ತರ – ಪೇ ಸ್ಲಿಪ್:
ಇನ್ನೊಂದು. 50 ಜನ ಇದ್ದರೆ ಶಿಶುಪಾಲನಾ ಕೊಠಡಿ ಕಡ್ಡಾಯ, ತಾಯಿಗೆ ದಿನಕ್ಕೆ 4 ಭೇಟಿ. ವಾಪಸ್ ಬರೋ ಮುಂಚೆಯೇ ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ.