ಅಪ್‌ಡೇಟ್: ನಕ್ಷೆಯಲ್ಲಿ 9 ಮೀಟರ್ ರಸ್ತೆ, ಜಾಗದಲ್ಲಿ ಕಿರಿದು (ಶಿವಮೊಗ್ಗ)

ಊರ ಹೊರಗಿನ ಹೊಸ ಲೇಔಟ್‌ನಲ್ಲಿ 30x40 ಅಡಿಯ ಒಂದು ಸೈಟ್ ನೋಡಿದ್ದೆ. ನಕ್ಷೆಯಲ್ಲಿ ರಸ್ತೆ 9 ಮೀಟರ್ ಅಂತಿದೆ, ಜಾಗದಲ್ಲಿ ಕಿರಿದಾಗಿ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಬಗೆಹರಿದಿದೆ.

ಆಗ ಕೆಲವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಅಂದಿದ್ದರು. ತೆಗೆಸಿದೆ. ಅದರಲ್ಲಿ ಮಾರಾಟ, ಅಡಮಾನದ ವಿವರ ಬರುತ್ತದೆ ಅಷ್ಟೇ, ರಸ್ತೆ ಅಗಲ ತಿಳಿಯುವುದಿಲ್ಲ. ಅಲಿನೇಷನ್ ಆದೇಶವೂ (ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿದ ಆದೇಶ) ಇದಕ್ಕೆ ಸಾಲದು. ಲೇಔಟ್ ಅನುಮೋದನೆ ಅನ್ನುವುದೇ ಬೇರೆ. ನಕ್ಷೆ ಅಂತ ಏಜೆಂಟ್ ಕೊಟ್ಟಿದ್ದು ಸೀಲಿಲ್ಲದ ಬಣ್ಣದ ಹಾಳೆ.

ಕೆಲಸಕ್ಕೆ ಬಂದಿದ್ದು, ಸೂಡಾದಿಂದ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತಗೊಂಡು ಟೇಪ್ ಹಿಡಿದು ಅಳೆಯಿರಿ ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ನನಗೆ ಹೊಸದಾಗಿ ಗೊತ್ತಾಗಿದ್ದು ಒಂದಿದೆ. 9 ಮೀಟರ್ ಅಂದರೆ ಬರೀ ಡಾಂಬರಲ್ಲ. ಈ ಕಡೆಯ ಸೈಟ್ ಗಡಿಯಿಂದ ಆ ಕಡೆಯ ಗಡಿವರೆಗೆ, ಎರಡೂ ಬದಿಯ ಚರಂಡಿ ಸೇರಿಸಿ. ಹಾಗೆ ಕಲ್ಲಿನಿಂದ ಕಲ್ಲಿಗೆ ಅಳೆದರೆ ಮುಕ್ಕಾಲು ಪಾಲು ಸರಿಯಾಗೇ ಇತ್ತು. ತಿರುವಿನ ಹತ್ತಿರ ಮಾತ್ರ 26 ಅಡಿ, ಅಂದರೆ ಸುಮಾರು 8 ಮೀಟರ್. ಮೂಲೆ ಸೈಟಿನ ಗಡಿಕಲ್ಲು ರಸ್ತೆಯೊಳಗೆ ಕೂತಿತ್ತು, ಬುಡದ ಸಿಮೆಂಟ್‌ಗೆ ಇನ್ನೂ ಪಾಚಿ ಕಟ್ಟಿರಲಿಲ್ಲ, ಅಂದರೆ ಇತ್ತೀಚೆಗೆ ನೆಟ್ಟಿದ್ದು. ನಕ್ಷೆ ಮುಂದಿಟ್ಟ ಮೇಲೆ ಲೇಔಟ್‌ನವರು ಸರ್ವೆಯರ್ ಕರೆಸಿ ಕಲ್ಲನ್ನು ಹಿಂದೆ ಸರಿಸಿದರು.

ರಸ್ತೆ, ಪಾರ್ಕ್ ಜಾಗವನ್ನು ಲೇಔಟ್‌ನವರು ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರವನ್ನೂ ಕೇಳಿ ನೋಡಿ. ಸುಮ್ನೆ ಬಾಯಿಮಾತು ನಂಬಬೇಡಿ. ಮತ್ತೆ ನಮ್ಮ ಕಡೆ ಮಳೆ ಜಾಸ್ತಿ ಅಲ್ವಾ, ಚರಂಡಿ ನೀರು ಕೊನೆಗೆ ಎಲ್ಲಿ ಸೇರುತ್ತದೆ ಅಂತ ನಡೆದೇ ನೋಡಬೇಕು. ಇಲ್ಲಿ ಹಳ್ಳಕ್ಕೆ ಸೇರಿಸುವ ತುದಿ ಬಾಕಿ ಇದೆ. ಅದು ಮುಗಿದ ಮೇಲೇ ರಿಜಿಸ್ಟ್ರೇಷನ್ ಅಂತ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.